ಗಂಜಿಯ ಅರಿವೆ

ಇಳಕಲ್ಲಿನ ನಮ್ಮ ಮನೆಯಲ್ಲಿ ಹುಟ್ಟಿದ ಕೂಸನ್ನು ಒಮ್ಮೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯೊಳಗೆ ಮಲಗಿಸಿ, ನೂಲಿಗೆ ಹಚ್ಚುವ ಗಂಜಿಯಲ್ಲಿ ಅದ್ದಿದ ಅರಿವೆಯನ್ನು ಚೀಪಿಸುತ್ತಾರೆ. ಇದು ಅತ್ತೆ ಸತ್ಯವ್ವ ತವರಿನಿಂದ ತಂದ ಪದ್ಧತಿ. ರಜಾಕಾರರ ಹಾವಳಿಯಲ್ಲಿ ಅವರ ತವರಿನವರು ಗಡಿಯಾಚೆಯ ಊರಲ್ಲಿ ಮಗ್ಗದ ಕುಣಿಯೊಳಗೆ ಅಡಗಿದ್ದರು. ಅಳುತ್ತಿದ್ದ ಎಳೆಗೂಸಿನ ಬಾಯಿಗೆ ಅವರವ್ವ ಗಂಜಿಯ ಅರಿವೆ ತುರುಕಿದ್ದಳು. ಉಸಿರು ನಿಂತ ಕೂಸನ್ನು ಅಲ್ಲೇ ಬಿಟ್ಟು ಉಳಿದವರು ಇಲ್ಲಿಗೆ ಓಡಿಬಂದರು.

"ನನ್ನ ತಮ್ಮ ದೇವರಾಗ್ಯಾನ. ತಾ ಹೋಗಿ ನಮ್ಮನ್ನ ಉಳಿಸ್ಯಾನ," ಎನ್ನುತ್ತಾರೆ ಅತ್ತೆ. ಉಸಿರುಗಟ್ಟಿಸಿ ಕೊಂದ ಕೂಸಿಗೆ ಕೈಮುಗಿಯುವುದನ್ನು ಕಂಡಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ಹೋದ ಶ್ರಾವಣದಲ್ಲಿ ಮಗಳು ಚೇತನಾಳ ಹೆರಿಗೆಯಾದಾಗ ಅತ್ತೆ ಅರಿವೆ ಹಿಡಿದು ಬಂದರು. ಗಂಜಿ ಹಳಸಿ ಲೋಳೆಯಾಗಿತ್ತು. ಮೇಲೆ ನೊಣ ಕೂತಿದ್ದವು.

"ಅತ್ತಿ, ಈ ಹೊಲಸು ನನ್ನ ಮೊಮ್ಮಗಳ ಬಾಯಿಗೆ ಬ್ಯಾಡ್ರಿ."

"ನಿನ್ನ ಗಂಡನೂ ಚೀಪ್ಯಾನವಾ. ಸತ್ತಾನೇನು?"

ನಾನು ಅರಿವೆಯನ್ನು ಕಸಿದು ಒಲೆಗೆ ಹಾಕಿದೆ. ಅತ್ತೆ ಸಿಟ್ಟಾಗಲಿಲ್ಲ. "ನನ್ನ ತಮ್ಮ ಹಸದಾನ," ಎಂದಷ್ಟೇ ಹೇಳಿದರು.

ಹುಟ್ಟುತ್ತಲೇ ಜೋರಾಗಿ ಅತ್ತಿದ್ದ ಕೂಸು ಅಂದು ಮಧ್ಯಾಹ್ನ ಅಳಲು ಬಾಯಿ ತೆರೆಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ದನಿ ಮಾತ್ರ ಬರಲಿಲ್ಲ. ಇಂದಿಗೂ ಬಂದಿಲ್ಲ. ಗಂಟಲು ಸರಿಯಾಗಿಯೇ ಇದೆ ಎಂದು ಬಾಗಲಕೋಟೆಯ ಡಾಕ್ಟರರು ಹೇಳಿದ್ದಾರೆ.

ಎದೆಹಾಲು ಬಿಟ್ಟು ಬೇರೇನೂ ಮುಟ್ಟದ ಕೂಸು ಅದು. ಆದರೂ ದಿನವೂ ಬೆಳಿಗ್ಗೆ ಅದರ ನಾಲಿಗೆಯ ಮೇಲಿಂದ ನಾನು ಒಂದು ಎಳೆ ನೂಲು ತೆಗೆಯುತ್ತೇನೆ. ಅದಕ್ಕೆ ಹತ್ತಿದ ಗಂಜಿ ಇನ್ನೂ ಬೆಚ್ಚಗಿರುತ್ತದೆ.