ಮುಗಿಲಗೇರಿಗೆ ಒಂದು ಕೊಡ ಕಡಲನೀರು

ಬಹಳ ಹಿಂದೆ, ಹಕ್ಕಿ ಮೃಗಗಳೂ ಹಾದಿಹೋಕರನ್ನು ಮಾತಾಡಿಸುತ್ತಿದ್ದ ಕಾಲದಲ್ಲಿ, ಎರಡು ಬಂಡೆಗಳ ಮರೆಯಲ್ಲಿ ಒಂದು ಮರಳುದಂಡೆಯಿತ್ತು. ಅಲ್ಲಿ ಪದುಮಿ ಎಂಬ ಹುಡುಗಿ ತನ್ನ ದುಗ್ಗತ್ತೆಯ ಜೊತೆ ಇದ್ದಳು. ಅವಳ ಅಕ್ಕ ಚೆಲುವಿಯನ್ನು ಕೊಟ್ಟದ್ದು ಬೆಟ್ಟದ ತುದಿಯ ಮುಗಿಲಗೇರಿಗೆ.

ಆ ಊರಿಗೆ ಹೊಗೆಮಲ್ಲನೆಂಬ ಮಾಂತ್ರಿಕ ಮಾಟ ಮಾಡಿದ. ಜನ ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿದರು. ಬೆಳಿಗ್ಗೆ ತುಂಬಿದ ಕಡಲನೀರನ್ನು ಅದೇ ದಿನ ಹೊತ್ತು ಮುಳುಗುವುದರೊಳಗೆ ಚಿಮುಕಿಸಿದರೆ ಮಾಟ ಇಳಿಯುತ್ತಿತ್ತು. ದಾರಿಯೇನೂ ದೂರವಲ್ಲ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಆದರೂ ದಂಡೆಯ ಆರು ಗಂಡಸರು ಆರು ದಿನ ಹೊರಟು, ಆರು ದಿನವೂ ಸಂಜೆಗೆ ಮನೆಯಲ್ಲೇ ಕೂತಿದ್ದರು.

ಏಳನೆಯ ಬೆಳಿಗ್ಗೆ ಬೆಟ್ಟದಿಂದ ಗಿಳಿಯೊಂದು ಸುದ್ದಿ ತಂದಿತು: "ಕಲ್ಲು ಚೆಲುವಿಯ ಕುತ್ತಿಗೆಗೆ ಬಂತು. ಸಂಜೆಗೆ ತಲೆಯೂ ಉಳಿಯದು."

ಪದುಮಿ ಕೊಡ ತುಂಬಿ ತಲೆಗೇರಿಸಿದಳು. ಒಂಟಿ ಹುಡುಗಿಯನ್ನು ಕಳಿಸುವುದುಂಟೇ ಎಂದು ದುಗ್ಗತ್ತೆಯೂ ಹೊರಟಳು. ತಾಪತ್ರಯ ಶುರುವಾದದ್ದೇ ಅಲ್ಲಿ.

ಮರಳು ದಾಟುವ ಮೊದಲೇ ಬಂಡೆಯ ಮೇಲಿನ ಕಾಗೆ ಕೇಳಿತು: "ಎಲ್ಲಿಗೆ ಹೊರಟೆ, ಪದುಮಿ?" ಅದರ ಕೊಕ್ಕಿನಿಂದ ಸಣ್ಣಗೆ ಹೊಗೆ ಬಂತು.

"ಅಯ್ಯಯ್ಯೋ! ಹೊರಟವರನ್ನ ಎಲ್ಲಿಗೆ ಅಂತ ಕೇಳಿಬಿಡ್ತಲ್ಲ! ಇನ್ನು ಕೆಲಸ ಆದ ಹಾಗೇ. ತಿರುಗು ಕೂಸೇ. ಮನೇಲಿ ಕೂತು, ನೀರು ಕುಡಿದು, ಮತ್ತೆ ಹೊರಡುವ."

"ಅತ್ತೆ, ಕೇಳಿದ್ದು ಕಾಗೆ!"

"ಕಾಗೆ ಅಂತಲೇ ಹೇಳ್ತಿರೋದು."

ತಿರುಗಿದರು. ಕೂತರು. ನೀರು ಕುಡಿದರು. ಅತ್ತೆ ಎಲೆಯಡಿಕೆಯನ್ನೂ ಹಾಕಿಕೊಂಡಳು, ನಿಧಾನವಾಗಿ.

ಎರಡನೆಯ ಸಲ ಅರ್ಧ ಬೆಟ್ಟ ಹತ್ತಿದ್ದರು. ಹುತ್ತದ ಮೇಲಿನ ಉಡ ಹೊಗೆಯುಗುಳಿ ಕೇಳಿತು: "ಎಲ್ಲಿಗೆ ಹೊರಟೆ, ಪದುಮಿ?"

ಅತ್ತೆ ಆಗಲೇ ಬೆನ್ನು ತಿರುಗಿಸಿ ಇಳಿಯುತ್ತಿದ್ದಳು. ಪದುಮಿ ಹಲ್ಲು ಕಚ್ಚಿಕೊಂಡು ಹಿಂದೆಯೇ ಇಳಿದಳು. ತಿರುಗಿದರು. ಕೂತರು. ನೀರು ಕುಡಿದರು. ಸೂರ್ಯ ನೆತ್ತಿ ದಾಟಿದ. ಆರು ಗಂಡಸರ ಕಾಲು ಎಲ್ಲಿ ಸೋತಿತೆಂದು ಅವಳಿಗೆ ಆಗ ಹೊಳೆಯಿತು.

ಮೂರನೆಯ ಸಲ ಊರ ಬಾಗಿಲು ಕಾಣುವಷ್ಟರಲ್ಲಿ ಹುಲಿಯೊಂದು ಅಡ್ಡ ನಿಂತಿತು. ಮೂಗಿನ ಎರಡೂ ಹೊಳ್ಳೆಗಳಲ್ಲಿ ಹೊಗೆ. "ಎಲ್ಲಿಗೆ ಹೊರಟೆ, ಪದುಮಿ?"

"ಕೇಳಿತು ಕೂಸೇ, ಕೇಳಿತು! ತಿರುಗು!"

"ಹುಲಿ ತಿನ್ನುತ್ತೆ ಅಂತ ಹೆದರಿಕೆಯಿಲ್ಲ, ಕೇಳಿತು ಅಂತ ಹೆದರಿಕೆ! ಸಾಕಾಯ್ತು ಅತ್ತೆ ನಿಮ್ಮ ಸಹವಾಸ!" ಪದುಮಿ ಹುಲಿಯ ಮೂತಿಗೆ ಮೂತಿ ತಂದಳು. "ಎಲ್ಲಿಗೆ ಅಂತ ತಾನೇ ನಿನ್ನ ಪ್ರಶ್ನೆ? ಮುಗಿಲಗೇರಿಗೆ. ನಮ್ಮಕ್ಕನ ಮನೆಗೆ. ಬರೋದಾದರೆ ಕೊಡ ಹೊರು, ಇಲ್ಲದಿದ್ದರೆ ದಾರಿ ಬಿಡು."

ಹುಲಿ ಬಾಯಿ ತೆರೆಯಿತು. ಮುಂದಿನ ಮಾತು ಅದಕ್ಕೆ ಗೊತ್ತಿರಲಿಲ್ಲ. ಆವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಹೊಗೆಮಲ್ಲನ ಶಕ್ತಿಯೆಲ್ಲ ಇದ್ದದ್ದು ಜನ ಹಿಂತಿರುಗುವುದರಲ್ಲಿ. ಪಟ್ಟೆಗಳು ಉದುರಿದವು, ಬಾಲ ಉದುರಿತು, ಕೆಮ್ಮುತ್ತಿರುವ ಬಡಕಲು ಮುದುಕನಾಗಿ ಹೊಗೆಮಲ್ಲ ಉಳಿದ. ಪದುಮಿ ಕೊಡವನ್ನು ಅವನ ತಲೆಯ ಮೇಲಿಟ್ಟು ಮುಂದೆ ದಬ್ಬಿದಳು.

ಸೂರ್ಯನ ಅಂಚು ಕಡಲಿಗೆ ತಾಗುವಾಗ ಊರಿಗೆಲ್ಲ ನೀರು ಚಿಮುಕಿಸಿದಳು. ಕಣ್ಣಿನವರೆಗೂ ಕಲ್ಲಾಗಿದ್ದ ಚೆಲುವಿ ಕರಗಿ, ಉಸಿರೆಳೆದು, ತಂಗಿಯನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಬೆಳಿಗ್ಗೆಯೇ ಹೊರಟೆ ಅಂತ ಗಿಳಿ ಹೇಳಿತ್ತು, ಈಗ ಬಂದೆಯಾ? ದಾರೀಲಿ ಯಾರ ಹತ್ತಿರ ಹರಟೆ ಹೊಡೀತಾ ನಿಂತಿದ್ದೆ?"

ಪದುಮಿ ಉಳಿದ ನೀರನ್ನು ಅಕ್ಕನ ತಲೆಯ ಮೇಲೆ ಸುರಿದು, ಕೊಡವನ್ನೂ ಅಲ್ಲೇ ಬೋರಲು ಹಾಕಿದಳು. ಏಳು ದಿನ ನಗುವನ್ನೇ ಮರೆತಿದ್ದ ಊರು ಬಿದ್ದು ಬಿದ್ದು ನಕ್ಕಿತು, ಆಮೇಲೆ ಎಲ್ಲರೂ ಒಟ್ಟಿಗೆ ಉಂಡು, ಬಹುಕಾಲ ಸುಖವಾಗಿ ಜಗಳವಾಡಿಕೊಂಡಿದ್ದರು.