ಮುಳುಗಿದವರ ಪಟ್ಟಿ

ಭಾನುವಾರ, ಫೆಬ್ರವರಿ 8, 2009. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಸರೋವರದ ದಂಡೆಯ ಉಸಾರೆ ಪೊಲೀಸ್ ಠಾಣೆಗೆ ಬಂದ ಜಾರೆಡ್ ಒಬುರಾ ಮೇಷ್ಟ್ರು ಚರ್ಚಿಗೆ ಹಾಕಿದ ಕೋಟನ್ನೂ ಬಿಚ್ಚಿರಲಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗ ಅವರ ಸುಪರ್ದಿಯಲ್ಲಿತ್ತು. ಅಲ್ಲಿಂದ ಒಂದು ರಿಜಿಸ್ಟರ್ ಕಳುವಾಗಿದೆ ಎಂದು ದೂರು ಕೊಟ್ಟರು.

"ಯಾವ ರಿಜಿಸ್ಟರ್?" ಇನ್‌ಸ್ಪೆಕ್ಟರ್ ರಿಸ್ಪರ್ ಅಡೊಂಗೊ ಕೇಳಿದಳು.

"ಮುಳುಗಿದವರ ಪಟ್ಟಿ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಸರೋವರದಲ್ಲಿ ದೋಣಿ ಮಗುಚಿತಲ್ಲ, ಆಗ ಹೆಣ ಗುರುತು ಹಿಡಿದದ್ದನ್ನ ಸರ್ಕಾರಿ ಗುಮಾಸ್ತ ಬರೆದಿಟ್ಟದ್ದು."

"ಬೀಗ ಒಡೆದಿದ್ದಾರಾ?"

"ಇಲ್ಲ, ಹಾಕಿದ ಬೀಗ ಹಾಕಿದ ಹಾಗೇ ಇದೆ." ಮೇಷ್ಟ್ರು ದನಿ ತಗ್ಗಿಸಿದರು. "ಆದ್ರೆ ಮೇಡಂ, ನೆಲ ಒದ್ದೆಯಾಗಿತ್ತು. ಆ ಕಪಾಟಿನ ಮುಂದೆ ಮಾತ್ರ."

ಮಳೆ ಬಿದ್ದು ಎರಡು ತಿಂಗಳಾಗಿತ್ತು. ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಮುಟಿಸೊನ ಪೆನ್ನು ನಿಂತಿತು. ಅವನು ದೂರದ ಗುಡ್ಡಸೀಮೆಯವನು, ನೀರೆಂದರೆ ಮೊದಲೇ ಪುಕ್ಕಲ. ಅಡೊಂಗೊ ಹುಟ್ಟಿ ಬೆಳೆದದ್ದೇ ಈ ದಂಡೆಯಲ್ಲಿ. ಮುಳುಗಿದವರ ಸುದ್ದಿ ಎತ್ತಿದರೆ ನಲವತ್ತು ದಾಟಿದ ಮೇಲೂ ಅವಳ ಮೈ ಜುಮ್ಮೆನ್ನುತ್ತಿತ್ತು. ಅದನ್ನು ಠಾಣೆಯಲ್ಲಿ ತೋರಿಸಿಕೊಳ್ಳಲು ಬರುತ್ತದೆಯೇ?

ಎರಡು ಗಂಟೆಗೆ ಸ್ಥಳ ಪರಿಶೀಲನೆ. ಕಾವಲುಗಾರ ಒಡೆರಾ ಗೇಟಿನಲ್ಲೇ ತೀರ್ಪು ಕೊಟ್ಟುಬಿಟ್ಟ.

"ಪಟ್ಟಿಯವರೇ ಬಂದು ಪಟ್ಟಿ ತಗೊಂಡು ಹೋಗಿದಾರೆ ಮಗಳೇ. ತಮ್ಮ ಸ್ವತ್ತು ತಾವು ತಗೊಂಡ್ರೆ ಅದಕ್ಕೂ ಕೇಸಾ?"

"ಬೆಳಿಗ್ಗೆ ನೀನೆಲ್ಲಿದ್ದೆ ಅಜ್ಜಾ? ಪ್ರಾರ್ಥನೆಗೋ, ಸಾರಾಯಿಗೋ?" ಮುಟಿಸೊ ಕೇಳಿದ.

"ಎರಡಕ್ಕೂ," ಎಂದ ಒಡೆರಾ.

ಒಳಗೆ ಕಿಟಕಿ ಮುಚ್ಚಿತ್ತು. ಹಳೆಯ ಕಾಗದದ ವಾಸನೆ. ಗೋಡೆಯ ಮೇಲಿನ ಫೋಟೋಗಳಲ್ಲಿ ಸತ್ತವರು ಸಾಲಾಗಿ ನಿಂತು ಅಡೊಂಗೊಳನ್ನೇ ನೋಡುತ್ತಿದ್ದರು. ಅವಳು ಅತ್ತ ಕಣ್ಣು ಹಾಯಿಸದೆ ಮಂಡಿಯೂರಿದಳು. ಕೋಣೆಯಿಡೀ ಕೆಂಪು ಧೂಳು, ಬಾಗಿಲಿನಿಂದ ಕಪಾಟಿನವರೆಗೆ ಮಾತ್ರ ನೆಲ ಫಳಫಳ. ಮೂಲೆಯ ಬಕೆಟ್ಟಿನ ಅಂಚಿಗೆ ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಮಡಿಸಿ ಹಾಕಿತ್ತು. ಮುಟ್ಟಿದಳು. ಇನ್ನೂ ಹಸಿ.

"ಯಾವ ದೆವ್ವ ಬಟ್ಟೆ ಹಿಂಡಿ ಒಣಗಹಾಕಿ ಹೋಗತ್ತೆ ಮುಟಿಸೊ? ಕಾಲಿಟ್ಟ ಕಡೆ ಕೊಳೆಯಾಯ್ತು ಅಂತ ಕಳ್ಳರು ಒರೆಸಿದ್ದಾರೆ. ಕೈಗೆ ರೂಢಿಯಾಗಿರೋ ಕೆಲಸ." ಮೇಷ್ಟ್ರ ಕಡೆ ತಿರುಗಿದಳು. "ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ, ಮತ್ತೆ ಕಸ ಗುಡಿಸೋ ಸಿಪ್ರೋಸಾ ಅವಿಟಿ ಹತ್ರ. ಮೊಮ್ಮಗು ಕಾಯಿಲೆ ಅಂತ ಅವಳು ವಾರದಿಂದ ರಜೆ."

"ಈ ಪುಸ್ತಕ ಈಚೆಗೆ ಯಾರಾದ್ರೂ ಕೇಳಿದ್ರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅವಳೇ. ಒಂದ್ಸಲ ಓದಿ ಹೇಳಿ ಅಂದಳು. ಹಾಳೆ ಮುಟ್ಟಿದ್ರೆ ಪುಡಿ ಆಗತ್ತೆ, ಬೈಂಡಿಂಗ್ ಆಗಿ ಬರಲಿ, ಅಷ್ಟರಲ್ಲಿ ಬರವಣಿಗೇಲಿ ಒಂದು ಅರ್ಜಿ ಕೊಡು ಅಂದೆ."

"ಅವಳಿಗೆ ಬರೆಯೋಕೆ ಬರತ್ತಾ?"

ಮೇಷ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜೀಪು ಅವಿಟಿಯ ಮನೆ ಮುಟ್ಟಿತು. ಅಳು ರಸ್ತೆಗೇ ಕೇಳುತ್ತಿತ್ತು. ಅದನ್ನು ಅಳು ಎನ್ನುವುದೂ ಕಷ್ಟ, ಬತ್ತಿದ ಗಂಟಲಿನ ಕೀರಲು. ಅಡೊಂಗೊಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು.

"ಪುಸ್ತಕ ಎಲ್ಲಿದೆಯಮ್ಮಾ?"

"ಒಳಗಿದೆ, ಮಗೂ ಪಕ್ಕ," ಎಂದಳು ಅವಿಟಿ. ಐವತ್ತರ ಹತ್ತಿರದ ಹೆಂಗಸು. ಸುಳ್ಳು ಹೇಳಲೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಸೊಸೆಯ ಮಡಿಲಲ್ಲಿ ಹದಿನೇಳು ದಿನದ ಹೆಣ್ಣುಕೂಸು. ಚಾಪೆಯ ಮೇಲೆ, ಒಗೆದ ಬಟ್ಟೆಯಲ್ಲಿ ಸುತ್ತಿದ ರಿಜಿಸ್ಟರ್.

"ಕೂಸಿಗೂ ಪುಸ್ತಕಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?" ಮುಟಿಸೊ ಕೇಳಿದ.

"ನಿಮ್ಮ ಕಡೆ ಇಲ್ವೇನಪ್ಪಾ? ಮಗು ಹೀಗೆ ಅತ್ರೆ, ಸತ್ತ ಹಿರಿಯರು ಯಾರೋ ತಮ್ಮ ಹೆಸರು ಇಡಿ ಅಂತ ಕೇಳ್ತಿದಾರೆ ಅಂತ. ಒಬ್ಬೊಬ್ಬರ ಹೆಸರೇ ಕರೀತೀವಿ. ಸರಿಯಾದ್ದು ಬಂದ್ರೆ ಸುಮ್ಮನಾಗತ್ತೆ. ಆಸ್ಪತ್ರೇಲಿ ಏನೂ ಇಲ್ಲ ಅಂದ್ರು. ನಮಗೆ ಗೊತ್ತಿದ್ದ ಹೆಸರೆಲ್ಲ ಮುಗೀತು. ಹಾಲು ಮುಟ್ಟಲ್ಲ ನೋಡಿ, ಎರಡು ದಿನ ಆಯ್ತು." ಅವಿಟಿ ಕೂಸಿನ ತಲೆ ಸವರಿದಳು. "ಆಮೇಲೆ ಕನಸಲ್ಲಿ ಬಂದಳು. ಎಳೇ ಹೆಂಗಸು, ಮೈಯೆಲ್ಲ ಒದ್ದೆ. 'ನನ್ನನ್ಯಾಕೆ ಕರೆಯಲ್ಲ?' ಅಂತ ಕೇಳಿದಳು."

"ಯಾರವಳು?"

"ನಮ್ಮ ಮಾವನ ಹೆತ್ತ ತಾಯಿ. ಮಾವ ಮೊಲೆ ಕುಡಿಯೋ ಕೂಸಾಗಿದ್ದಾಗ ಆ ದೋಣೀಲಿ ಹೋದಳು. ಸೆಮೆ ಊರಿಂದ ಬಂದ ಸೊಸೆ, ಅದಕ್ಕೆ ಎಲ್ಲರೂ 'ಸೆಮೆಯವಳೇ, ಸೆಮೆಯವಳೇ' ಅಂತ್ಲೇ ಕರೆದ್ರು. ಹೆಸರು ಒಬ್ಬರಿಗೂ ಗೊತ್ತಿಲ್ಲ."

"ಪುಸ್ತಕದಲ್ಲಿ ಸಿಕ್ತಾ?"

"ನಂಗೆ ಅಕ್ಷರ ಬರಲ್ಲ ತಾಯಿ. ಸೊಸೆ ಪೇಪರ್ ಓದ್ತಾಳೆ, ಈ ಕೊಕ್ಕೆ ಬರಹ ಅವಳಿಗೂ ಹತ್ತಲ್ಲ. ಓದಬಲ್ಲೋರು ಮೇಷ್ಟ್ರು ಒಬ್ಬರೇ. ಕದ್ದ ಪುಸ್ತಕಾನ ಅವರ ಕೈಗೇ ಕೊಟ್ಟು ಓದಿ ಅನ್ಲಾ?"

ಇಪ್ಪತ್ತೆರಡು ವರ್ಷ ಪುಸ್ತಕಗಳ ಕಾಲಬುಡದ ಧೂಳು ಒರೆಸಿದವಳು. ಅಡೊಂಗೊ ಮೇಷ್ಟ್ರನ್ನು ಕರೆತರಲು ಜೀಪು ಕಳಿಸಿದಳು.

ಹತ್ತು ಗಂಟೆ ನಲವತ್ತಕ್ಕೆ ಪಂಚನಾಮೆ ಶುರುವಾಯಿತು. ಅಕ್ಕಪಕ್ಕದ ಮನೆಯ ಇಬ್ಬರು ಪಂಚರು. ಮೇಷ್ಟ್ರು ರಟ್ಟು ನೋಡುತ್ತಲೇ, "ಇದೇ," ಎಂದರು.

"ರಟ್ಟು ನೋಡಿದ್ರೆ ಸಾಲದು. ಒಂದು ಸಾಲೂ ಹೋಗಿಲ್ಲ ಅಂತ ಖಾತ್ರಿಯಾಗ್ಬೇಕು. ಗಟ್ಟಿಯಾಗಿ ಓದಿ," ಎಂದಳು ಅಡೊಂಗೊ.

ಗಟ್ಟಿಯಾಗಿ ಓದಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಮುಟಿಸೊಗೆ ಅದು ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಬರೆದುಕೊಂಡ.

ಮೇಷ್ಟ್ರು ಓದಿದರು. ಎಪ್ಪತ್ತು ವರ್ಷದ ಹಿಂದೆ ಸತ್ತವರು ಒಬ್ಬೊಬ್ಬರಾಗಿ ಆ ತಗಡಿನ ಸೂರಿನಡಿ ಬಂದು ನಿಂತರು. ಕೂಸು ಕೀರುತ್ತಲೇ ಇತ್ತು.

"ಹದಿನೇಳು. ಒಗೊಲನ ಹೆಂಡತಿ."

"ಒಗೊಲ ನಮ್ಮ ಮಾವನ ಅಪ್ಪ!" ಅವಿಟಿ ಮುಂದೆ ಬಂದಳು. "ಅವಳೇ! ಹೆಸರು? ಹೆಸರು ಹೇಳಿ ಮೇಷ್ಟ್ರೇ."

"ಬರೆದಿಲ್ಲಮ್ಮಾ. ಒಗೊಲನ ಹೆಂಡತಿ, ಅಷ್ಟೇ."

ಅವಿಟಿ ಕುಸಿದು ಕೂತಳು. "ಅಯ್ಯೋ, ಸತ್ತ ಮೇಲೂ ನಿನ್ನ ಹೆಸರು ಯಾರೂ ಹೇಳಲಿಲ್ವೇನೇ!"

ಮೇಷ್ಟ್ರು ಪುಸ್ತಕ ಮುಚ್ಚಲು ಹೋದರು.

"ನಿಲ್ಲಿಸಬೇಡಿ," ಅಡೊಂಗೊ ಗದರಿದಳು. ಯಾಕೆ ಗದರಿದೆನೆಂದು ಅವಳಿಗೇ ತಿಳಿಯಲಿಲ್ಲ.

ಹದಿನೆಂಟು. ಇಪ್ಪತ್ತು. ಇಪ್ಪತ್ತೈದು.

"ಇಪ್ಪತ್ತಾರು. ಅಪೊಂಡಿ. ಗುರುತು ಹೇಳಿದವರು, ಅಣ್ಣ. ಊರು, ಸೆಮೆ."

ಮನೆ ಸ್ತಬ್ಧವಾಯಿತು. ಏನು ನಿಂತಿತೆಂದು ತಿಳಿಯಲು ಎಲ್ಲರಿಗೂ ಒಂದು ಗಳಿಗೆ ಹಿಡಿಯಿತು. ಮುಟಿಸೊ ಗಾಬರಿಯಿಂದ ಎದ್ದೇಬಿಟ್ಟ. "ಮಗು ಹೋಯ್ತಾ?"

ಸೊಸೆ ತಲೆಯಾಡಿಸಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇಲ್ಲ. ಚೀಪ್ತಾ ಇದೆ."

ಕೇಳಲು ಪೊಲೀಸಿನ ಪ್ರಶ್ನೆಯೊಂದಿತ್ತಲ್ಲ, ಅಡೊಂಗೊ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ಮೇಷ್ಟ್ರೇ, ಒಟ್ಟು ಎಷ್ಟು ಹೆಣ?"

"ತಲೆಬರಹದಲ್ಲಿ ಮೂವತ್ತೊಂದು. ಪಟ್ಟೀಲಿ ಮೂವತ್ತೆರಡು. ಗುಮಾಸ್ತನ ತಪ್ಪು ಅಂತ ನಾನೇ ಅಂಚಲ್ಲಿ ಪೆನ್ಸಿಲಿಂದ ಬರೆದಿದ್ದೆ..." ಮೇಷ್ಟ್ರ ಮಾತು ಅಲ್ಲೇ ಕಡಿಯಿತು.

"ಒಬ್ಬಳನ್ನೇ ಎರಡು ಸಲ ಬರೆದಿದ್ದಾನೆ," ಎಂದಳು ಅಡೊಂಗೊ. "ಗಂಡನ ಕಡೆಯವರು ಹೆಂಡತಿ ಅಂದ್ರು. ಅಣ್ಣ ಬಂದು ಹೆಸರು ಹೇಳಿದ."

ಮೇಷ್ಟ್ರು ಮುಖ ಮುಚ್ಚಿಕೊಂಡರು. "ದೂರು ವಾಪಸ್ ತಗೋತೀನಿ ಮೇಡಂ."

"ಸ್ವತ್ತು ಸರ್ಕಾರದ್ದು. ಹೇಳೋದಿದ್ರೆ ಕೋರ್ಟಲ್ಲಿ ಹೇಳಿ. ಹೇಳ್ತೀರಿ ತಾನೆ?"

"ಹೇಳ್ತೀನಿ. ತಪ್ಪು ನಂದೂ ಇದೆ ಅಂತ್ಲೇ ಹೇಳ್ತೀನಿ."

ಹನ್ನೊಂದು ಇಪ್ಪತ್ತೈದಕ್ಕೆ ಬಂಧನ. ಹಾಜರಿದ್ದವರ ಹೆಸರು ಬರೆಯುತ್ತಿದ್ದ ಮುಟಿಸೊ ಕೂಸಿನ ಬಳಿ ತಡವರಿಸಿದ. "ಇದಕ್ಕೆ ಏನಂತ ಬರೀಲಿ ಮೇಡಂ? ಹೆಸರಿಟ್ಟಿಲ್ಲ ಅಂತ್ಲಾ?"

"ಅಪೊಂಡಿ ಅಂತ ಬರಿ," ಎಂದಳು ಅಡೊಂಗೊ. 'ಕೃತ್ಯಕ್ಕೆ ಕಾರಣ' ಎಂಬಲ್ಲಿ ತಾನೇ ತುಂಬಿದಳು: ಮನೆಯ ಹಿರಿಯಳೊಬ್ಬಳ ಹೆಸರು ತಿಳಿಯಲು.

ಜೀಪಿನಲ್ಲಿ ಅವಿಟಿ ಜಾಮೀನಿನ ಮಾತೆತ್ತಲಿಲ್ಲ, ನೀರು ಕೇಳಲಿಲ್ಲ. ಅಪೊಂಡಿ, ಅಪೊಂಡಿ ಎಂದು ಠಾಣೆ ಬರುವವರೆಗೂ ಹೇಳಿಕೊಳ್ಳುತ್ತಲೇ ಇದ್ದಳು. ಬರೆದಿಟ್ಟುಕೊಳ್ಳಲು ಬಾರದವಳು, ಮತ್ತೆ ಕಳೆದುಹೋದೀತೆಂಬ ಭಯ ಅವಳಿಗೆ.