ಮೈತ್ರಿಯ ಕಂಪ್ಯೂಟರ್

ಚಿತ್ತಾಪುರದಲ್ಲಿ ನನ್ನದು ಒಂದೇ ಕೋಣೆಯ ಕಂಪ್ಯೂಟರ್ ರಿಪೇರಿ ಅಂಗಡಿ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಸನ್ನತಿಯ ಅನಸುಬಾಯಿ, ತೀರಿಹೋದ ಮಗಳು ಮೈತ್ರಿಯ ಕಂಪ್ಯೂಟರನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಂದರು.

“ಮದುವಿ ಕಾರ್ಡ್ ಅಂತ ಏನೋ ಬಂದಿತ್ರಿ, ಒತ್ತಿದೆ. ಈಗ ಅಕಿ ಫೋಟೊ, ಹಾಡು ಒಂದೂ ತೆರಿವಲ್ವು.”

ಅದು ಕಾರ್ಡಿನ ವೇಷದಲ್ಲಿ ಬಂದ ವೈರಸ್. ಎಲ್ಲ ಫೈಲುಗಳನ್ನೂ ಗುರುತು ಸಿಗದಂತೆ ಕಲಸಿ ಬೀಗ ಹಾಕಿತ್ತು. ಆ ಬೀಗದ ಕೀಲಿ ವೈರಸ್ ಕಳಿಸಿದವನ ಬಳಿ ಮಾತ್ರ ಇತ್ತು. ಬೇರೆ ಯಂತ್ರಗಳಿಗೆ ಹಬ್ಬುವ ಮೊದಲು ಎಲ್ಲವನ್ನೂ ಅಳಿಸುವುದೊಂದೇ ದಾರಿ ಎಂದೆ. ಅವರು ಒಪ್ಪಲಿಲ್ಲ.

ಆಗ ಕಂಪ್ಯೂಟರಿನ ಡಬ್ಬಿಯೊಳಗಿಂದ ಒಬ್ಬ ಹುಡುಗಿ ಕೆಮ್ಮಿದಳು. ನಾನು ಸ್ಪೀಕರ್ ಜೋಡಿಸಿರಲಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಡಬ್ಬಿ ಬಾವಿ ನೀರಿನಷ್ಟು ತಣ್ಣಗಿತ್ತು. ಕೆಮ್ಮು ಮತ್ತೆ ಬಂತು, ಈ ಸಲ ಉಸಿರೇ ಸಿಗದವರಂತೆ.

ಅನಸುಬಾಯಿ ಡಬ್ಬಿಯನ್ನು ಅಪ್ಪಿಕೊಂಡರು. “ದವಾಖಾನ್ಯಾಗ ಹಿಂಗೇ ಕೆಮ್ಮತಿದ್ಲು. ಒಳಗ ಸಿಕ್ಕೊಂಡಾಳ. ಅಳಸಿಬಿಡ್ರಿ ಅಣ್ಣಾ, ಅಕಿಗಿ ಭಾಳ ತ್ರಾಸ ಆಗಾಕತ್ತದ.”

ಅಳಿಸಿದೆ. ಕೆಮ್ಮು ಮೆಲ್ಲಗಾಗುತ್ತಾ ನಿಂತಿತು. ತಾಯಿ ಸದ್ದಿಲ್ಲದೆ ಅತ್ತು, ಡಬ್ಬಿಯನ್ನು ನನ್ನಲ್ಲೇ ಬಿಟ್ಟು ಹೋದರು.

ಅಂದಿನಿಂದ ಅಂಗಡಿಯಲ್ಲಿ ಔಷಧದ ವಾಸನೆಯಿದೆ. ಎಷ್ಟು ಒರೆಸಿದರೂ ಹೋಗಿಲ್ಲ. ಬಂದ ಗಿರಾಕಿಗಳು ಇವತ್ತಿಗೂ ದನಿ ತಗ್ಗಿಸಿ ಕೇಳುತ್ತಾರೆ, “ಯಾರಿಗಿ ಆರಾಮಿಲ್ರಿ?”